ಡಬ್ಬಿಯ ಒಳಮೈ ಕಾಯುವುದು ಯಾರು? ಬಿಪಿಎ ನಿಷೇಧ, ಪ್ಲಾಸ್ಟಿಕ್ ಫಿಲ್ಮ್ ಮತ್ತು ತುಕ್ಕಿನ ಲೆಕ್ಕ

ಆಹಾರದ ಪ್ಯಾಕಿಂಗ್‌ನಲ್ಲಿ ಬಿಪಿಎ ಎಂಬ ರಾಸಾಯನಿಕ ಬಳಸುವಂತಿಲ್ಲ ಎಂದು ಯುರೋಪಿಯನ್ ಒಕ್ಕೂಟ ನಿಯಮ ಮಾಡಿದೆ. ಈ ಸುದ್ದಿ ಓದಿದವರಲ್ಲಿ ಎರಡು ಬಗೆಯ ಗೊಂದಲ. ಹಾಗಾದ್ರೆ ಡಬ್ಬಿಯ ಆಹಾರವೆಲ್ಲ ವಿಷವಾ ಎನ್ನುವುದು ಒಂದು. ತಗಡಿನ ಡಬ್ಬಿಯೊಳಗೆ ಪ್ಲಾಸ್ಟಿಕ್ ರಾಸಾಯನಿಕ ಎಲ್ಲಿಂದ ಬಂತು ಎನ್ನುವುದು ಇನ್ನೊಂದು. ಎರಡನೆಯದೇ ಸರಿಯಾದ ಪ್ರಶ್ನೆ. ಅದರ ಬೆನ್ನು ಹತ್ತಿದರೆ ಮೊದಲನೆಯದಕ್ಕೂ ಉತ್ತರ ಸಿಗುತ್ತದೆ. ಜತೆಗೆ ಬಿಪಿಎ ಬದಲಿಗೆ ತಗಡಿಗೆ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿದರೆ ಮುಗಿಯಿತು ಎಂಬ ಮಾತು ಎಷ್ಟು ನಿಜ ಎಂಬುದೂ ಗೊತ್ತಾಗುತ್ತದೆ.

ನಿಯಮದಲ್ಲಿ ಏನಿದೆ

ನಿಯಮದ ಸಂಖ್ಯೆ 2024/3190. ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರ ಡಿಸೆಂಬರ್ 19ರಂದು, ಜಾರಿಗೆ ಬಂದದ್ದು 2025ರ ಜನವರಿ 20ರಂದು. ಆಹಾರಕ್ಕೆ ತಾಗುವ ಪ್ಲಾಸ್ಟಿಕ್, ವಾರ್ನಿಷ್, ಲೇಪ, ಅಂಟು, ರಬ್ಬರ್, ಛಾಪುವ ಶಾಯಿ ಮುಂತಾದವನ್ನು ತಯಾರಿಸುವಾಗ ಬಿಪಿಎ ಬಳಸಬಾರದು ಎನ್ನುವುದು ಅದರ ಸಾರ. ಕೆಲವೇ ವಿನಾಯಿತಿಗಳಿವೆ. ಸಾವಿರ ಲೀಟರ್‌ಗಿಂತ ದೊಡ್ಡ ಟ್ಯಾಂಕ್‌ಗಳ ಒಳಲೇಪ ಅಂಥದ್ದೊಂದು.

ಗಡುವು ಎರಡು. ಸಾಮಾನ್ಯವಾಗಿ ಒಮ್ಮೆ ಬಳಸಿ ಎಸೆಯುವ ಪ್ಯಾಕಿಂಗ್‌ಗೆ 2026ರ ಜುಲೈ 20. ಹಣ್ಣು, ತರಕಾರಿ ಮತ್ತು ಸಂಸ್ಕರಿಸಿದ ಮೀನು ಕೆಡದಂತೆ ಇಡುವ ಪ್ಯಾಕಿಂಗ್‌ಗೆ 2028ರ ಜನವರಿ 20. ಹಣ್ಣಿನ ರಸ ಮಾತ್ರ ಈ ಎರಡನೇ ಪಟ್ಟಿಯಲ್ಲಿಲ್ಲ. ಡಬ್ಬಿಯ ಹೊರಮೈಗಷ್ಟೇ ಬಿಪಿಎ ಲೇಪ ಇದ್ದರೆ ಅದಕ್ಕೂ 2028ರವರೆಗೆ ಸಮಯವಿದೆ.

ಮೀನು, ಹಣ್ಣು, ತರಕಾರಿಗೆ ಮಾತ್ರ ಒಂದೂವರೆ ವರ್ಷ ಜಾಸ್ತಿ ಕೊಟ್ಟದ್ದು ಯಾಕೆ? ಇದು ಬರೀ ಲಾಬಿಯ ಪ್ರಭಾವ ಎಂದುಕೊಂಡರೆ ತಪ್ಪಾಗುತ್ತದೆ. ಹುಳಿ, ಉಪ್ಪು, ಗಂಧಕ, ಈ ಮೂರೂ ತಗಡಿನ ಶತ್ರುಗಳು. ಅವು ತುಂಬಿರುವುದು ಇಂಥ ಆಹಾರದಲ್ಲೇ. ಇಲ್ಲಿ ಹಳೆಯ ಲೇಪಕ್ಕೆ ಬದಲಿ ಹುಡುಕುವುದು ನಿಜಕ್ಕೂ ಕಷ್ಟ.

ಕಲಾಯಿಯಿಂದ ಶುರುವಾದ ಕತೆ

ಹಿತ್ತಾಳೆ ಪಾತ್ರೆಯಲ್ಲಿ ಹಾಗೇ ಹುಳಿ ಕುದಿಸಿದರೆ ಕಿಲುಬು ಹಿಡಿಯುತ್ತದೆ. ಅದಕ್ಕೇ ಒಳಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಎಂದರೆ ತವರದ ತೆಳುವಾದ ಪದರ. ಆಹಾರದ ಡಬ್ಬಿಗೂ ಇದೇ ಉಪಾಯ. ಕೂದಲೆಳೆಯ ಎರಡು-ಮೂರು ಪಟ್ಟು ದಪ್ಪದ ಉಕ್ಕಿನ ಹಾಳೆ, ಎರಡೂ ಕಡೆ ತವರದ ಕಲಾಯಿ. ನಾವು ಟಿನ್ ಎಂದು ಕರೆಯುವ ಡಬ್ಬಿಯಲ್ಲಿ ಟಿನ್ ಇರುವುದು ಅಷ್ಟೇ. ಚದರ ಮೀಟರಿಗೆ, ಒಂದು ಬದಿಗೆ, ಕೆಲವೇ ಗ್ರಾಂ.

ಭಾರತದಲ್ಲಿ ಈ ತಗಡಿಗೆ ನೂರು ವರ್ಷದ ಚರಿತ್ರೆಯಿದೆ. ಜಮ್‌ಶೆಡ್‌ಪುರದ ಗೋಲ್ಮುರಿಯಲ್ಲಿರುವ ಟಿನ್‌ಪ್ಲೇಟ್ ಕಂಪನಿ ಹುಟ್ಟಿದ್ದು 1920ರಲ್ಲಿ. ಈಗ ಅದು ಟಾಟಾ ಸ್ಟೀಲ್‌ನ ಭಾಗ.

ತವರ ಕಾಯುವ ರೀತಿ ಸ್ವಾರಸ್ಯವಾಗಿದೆ. ಗಾಳಿಯಲ್ಲಿ ತವರಕ್ಕಿಂತ ಕಬ್ಬಿಣವೇ ಬೇಗ ಕರಗುವ ಲೋಹ. ಹಾಗಾಗಿ ಹೊರಮೈಯ ತವರದಲ್ಲಿ ಗೀರು ಬಿದ್ದರೆ ಅಲ್ಲಿ ತುಕ್ಕು ಖಂಡಿತ. ಆದರೆ ಗಾಳಿ ತೆಗೆದು ಮುಚ್ಚಿದ ಡಬ್ಬಿಯೊಳಗೆ, ಸಿಟ್ರಿಕ್ ಆಮ್ಲದಂಥ ಹಣ್ಣಿನ ಹುಳಿಯ ನಡುವೆ ಪಾತ್ರ ಅದಲುಬದಲಾಗುತ್ತದೆ. ತವರ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಅನಾನಸ್ ಚೂರುಗಳನ್ನು ಇಂದಿಗೂ ಲೇಪವಿಲ್ಲದ ತವರದ ಡಬ್ಬಿಯಲ್ಲೇ ತುಂಬುವುದುಂಟು. ಕರಗುವ ತವರ ಒಳಗೆ ಉಳಿದ ಆಮ್ಲಜನಕವನ್ನೂ ಹೀರಿಕೊಂಡು ಹಣ್ಣಿನ ತಿಳಿ ಬಣ್ಣ ಕಾಪಾಡುತ್ತದೆ.

ಕರಗಿದ ತವರ ಸೇರುವುದು ಆಹಾರಕ್ಕೇ ಅಲ್ವಾ? ಹೌದು. ಅದಕ್ಕೇ ಮಿತಿ ಇದೆ. ಡಬ್ಬಿಯ ಆಹಾರದಲ್ಲಿ ಕಿಲೋಗೆ 250 ಮಿಲಿಗ್ರಾಂ ತವರ ಎಂಬುದು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಮಿತಿ. ಯುರೋಪಿನಲ್ಲಿ 200. ಎಲ್ಲ ಆಹಾರವೂ ಅನಾನಸ್‌ನಷ್ಟು ಸಾಧುವಲ್ಲ. ಬಟಾಣಿ, ಮೀನು, ಮಾಂಸದ ಪ್ರೋಟೀನ್‌ನಲ್ಲಿ ಗಂಧಕವಿದೆ. ಬಿಸಿ ಮಾಡಿದಾಗ ಅದು ಹೊರಬಂದು ತವರದ ಮೇಲೆ, ಕಬ್ಬಿಣದ ಮೇಲೆ ಕಪ್ಪು ಕಲೆ ಮಾಡುತ್ತದೆ. ಅಪಾಯವಿಲ್ಲದಿದ್ದರೂ ಕಪ್ಪು ಹಿಡಿದ ಡಬ್ಬಿಯ ಮೀನನ್ನು ಯಾರೂ ಬಾಯಿಗೆ ಹಾಕುವುದಿಲ್ಲ. ಹಾಗಾಗಿ ತವರದ ಮೇಲೆ ಇನ್ನೊಂದು ಪದರ ಬೇಕಾಯಿತು.

ಬಿಪಿಎ ಒಳಗೆ ಬಂದ ದಾರಿ

ಆ ಪದರವೇ ಲ್ಯಾಕರ್. ಒಂದು ಬಗೆಯ ಬಣ್ಣ ಅಂದುಕೊಳ್ಳಿ. ರಾಳವನ್ನು ದ್ರಾವಕದಲ್ಲಿ ಕಲಸಿ, ತಗಡಿಗೆ ಸವರಿ, ಸುಮಾರು 200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ. ಹಲವು ರಾಳಗಳ ಪೈಕಿ ಗೆದ್ದದ್ದು ಎಪಾಕ್ಸಿ. ಅದು ಲೋಹವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ತಗಡನ್ನು ಬಗ್ಗಿಸಿದರೂ ಒಡೆಯುವುದಿಲ್ಲ. ಹುಳಿಗೂ ಉಪ್ಪಿಗೂ ಜಗ್ಗುವುದಿಲ್ಲ. 5ರಿಂದ 10 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪವಿದ್ದರೆ ವರ್ಷಗಟ್ಟಲೆ ಸಾಕು.

ಆ ಎಪಾಕ್ಸಿ ರಾಳ ತಯಾರಾಗುವುದು ಬಿಸ್ಫಿನಾಲ್-ಎ ಎಂಬ ವಸ್ತುವಿನಿಂದ. ಅದನ್ನೇ ಚಿಕ್ಕದಾಗಿ ಬಿಪಿಎ ಎನ್ನುವುದು. ಬಿಪಿಎ ಅಣುಗಳು ಸರಪಳಿಯಾಗಿ ಜೋಡಿಸಿಕೊಂಡು ರಾಳವಾಗುತ್ತವೆ. ಜೋಡಣೆಗೆ ಸಿಗದ ಅಷ್ಟಿಷ್ಟು ಬಿಪಿಎ ಹಾಗೇ ಉಳಿಯುತ್ತದೆ. ಡಬ್ಬಿಯನ್ನು ಆಹಾರದ ಸಮೇತ 121 ಡಿಗ್ರಿಯ ಆವಿಯಲ್ಲಿ ಬೇಯಿಸುವಾಗ ಅದರಲ್ಲಿ ಒಂದಿಷ್ಟು ಆಹಾರಕ್ಕೆ ಇಳಿಯುತ್ತದೆ. ಅಂದರೆ ಬಿಪಿಎ ಯಾರೋ ಮಾಡಿದ ಕಲಬೆರಕೆಯಲ್ಲ. ತುಕ್ಕು ತಡೆಯಲು ತಂದ ವಸ್ತುವಿನ ಬೆನ್ನಿಗೇ ಬಂದದ್ದು.

ಹನ್ನೆರಡು ನ್ಯಾನೊಗ್ರಾಂ ಜಗಳ

ಎಷ್ಟು ಬಿಪಿಎ ಸೇವಿಸಿದರೆ ತೊಂದರೆ? ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇಎಫ್‌ಎಸ್‌ಎ 2015ರಲ್ಲಿ ಹೇಳಿದ್ದು, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 4 ಮೈಕ್ರೊಗ್ರಾಂ ಆಗಬಹುದು ಎಂದು. 2023ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆ ಈ ಮಿತಿಯನ್ನು 0.2 ನ್ಯಾನೊಗ್ರಾಂಗೆ ಇಳಿಸಿತು. ಸಾವಿರ ನ್ಯಾನೊಗ್ರಾಂ ಸೇರಿದರೆ ಒಂದು ಮೈಕ್ರೊಗ್ರಾಂ. ಅಂದರೆ ಇಪ್ಪತ್ತು ಸಾವಿರ ಪಟ್ಟು ಇಳಿಕೆ. 60 ಕಿಲೋ ತೂಕದವರಿಗೆ ಲೆಕ್ಕ ಹಾಕಿದರೆ, ಹಿಂದೆ ದಿನಕ್ಕೆ 240 ಮೈಕ್ರೊಗ್ರಾಂ ಇದ್ದದ್ದು ಈಗ 12 ನ್ಯಾನೊಗ್ರಾಂ. ದೇಹದ ರೋಗನಿರೋಧಕ ವ್ಯವಸ್ಥೆಯ ಮೇಲೆ ಕಂಡ ಪರಿಣಾಮವೇ ಇಳಿಕೆಗೆ ಮುಖ್ಯ ಕಾರಣ.

ಇದನ್ನು ಎಲ್ಲರೂ ಒಪ್ಪಿಲ್ಲ. ಜರ್ಮನಿಯ ಅಪಾಯ ಅಂದಾಜು ಸಂಸ್ಥೆ ಬಿಎಫ್‌ಆರ್, ಇದೇ ಮಾಹಿತಿಯನ್ನು ಬೇರೆ ವಿಧಾನದಲ್ಲಿ ನೋಡಿ, ಕಿಲೋಗೆ 200 ನ್ಯಾನೊಗ್ರಾಂ ಸಾಕು ಎಂದಿತು. ಅಂದರೆ ಇಎಫ್‌ಎಸ್‌ಎ ಮಿತಿಯ ಸಾವಿರ ಪಟ್ಟು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸದ್ಯ ಆಹಾರದಲ್ಲಿ ಕಾಣುವ ಮಟ್ಟದಲ್ಲಿ ಬಿಪಿಎ ಸುರಕ್ಷಿತ ಎಂಬ ನಿಲುವು ಇಟ್ಟುಕೊಂಡಿತ್ತು. ಇನ್ನೊಂದು ಕಡೆ ಫ್ರಾನ್ಸ್, ಯಾರಿಗೂ ಕಾಯದೆ, 2015ರ ಜನವರಿಯಿಂದಲೇ ಆಹಾರದ ಪ್ಯಾಕಿಂಗ್‌ನಲ್ಲಿ ಬಿಪಿಎ ನಿಲ್ಲಿಸಿತ್ತು. ಭಾರತದಲ್ಲಿ, ಬಿಪಿಎಯಿಂದಲೇ ತಯಾರಾಗುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ನ ಮಕ್ಕಳ ಹಾಲಿನ ಬಾಟಲಿಗೆ, ರಾಷ್ಟ್ರೀಯ ಮಾನದಂಡ ಸಂಸ್ಥೆ ಬಿಐಎಸ್‌ನ 2015ರ ಮಾನದಂಡ ಬಾಗಿಲು ಹಾಕಿತು. ಡಬ್ಬಿಯ ಒಳಲೇಪಕ್ಕೆ ಯುರೋಪಿನಂಥ ನಿಷೇಧ ಇಲ್ಲಿಲ್ಲ.

ತಜ್ಞರ ಮಿತಿಗಳ ನಡುವೆ ಸಾವಿರ ಪಟ್ಟು ಅಂತರವಿರುವಾಗ ಸಾಮಾನ್ಯ ಓದುಗರಿಗೆ ಗೊಂದಲವಾಗದೆ ಇನ್ನೇನು? ಆದರೆ ಉದ್ಯಮದ ಮಟ್ಟಿಗೆ ಈ ವಾದದ ಫಲಿತಾಂಶ ಈಗ ಮುಖ್ಯವಲ್ಲ. 12 ನ್ಯಾನೊಗ್ರಾಂನಷ್ಟು ಸಣ್ಣ ಮಿತಿ ಇಟ್ಟ ಮೇಲೆ, ಲೇಪವನ್ನು ಸ್ವಲ್ಪ ಸುಧಾರಿಸಿ ಮಿತಿಯೊಳಗೆ ತರುತ್ತೇವೆ ಎನ್ನಲು ಜಾಗವೇ ಉಳಿಯಲಿಲ್ಲ. ಆ ರಾಳವನ್ನೇ ಬಿಡಬೇಕು. ಬಿಟ್ಟ ಜಾಗದಲ್ಲಿ ಏನು ಕೂರಿಸುವುದು?

ಸವರುವ ಬದಲು ಅಂಟಿಸುವುದು

ಪಾಲಿಯೆಸ್ಟರ್, ಅಕ್ರಿಲಿಕ್, ಬಿಪಿಎ ಇಲ್ಲದ ಬೇರೆ ಎಪಾಕ್ಸಿ ಎಂದು ಹೊಸ ಲ್ಯಾಕರ್‌ಗಳು ಹಲವು ಬಂದಿವೆ. ಅವುಗಳ ಜತೆ ಕೇಳಿಬರುವ ಇನ್ನೊಂದು ಹೆಸರು ಫಿಲ್ಮ್ ಲ್ಯಾಮಿನೇಟ್ ಮಾಡಿದ ಉಕ್ಕಿನ ಹಾಳೆ. ಇಲ್ಲಿ ದ್ರಾವಕವೂ ಇಲ್ಲ, ಲ್ಯಾಕರ್ ಒಲೆಯೂ ಇಲ್ಲ. ಉಕ್ಕಿನ ಪಟ್ಟಿಯನ್ನು ಬಿಸಿ ಮಾಡಿ, ಎರಡೂ ಕಡೆಯಿಂದ ಪ್ಲಾಸ್ಟಿಕ್ ಫಿಲ್ಮ್ ತಂದು ರೋಲರ್‌ಗಳ ನಡುವೆ ಒತ್ತಿ, ಕೂಡಲೇ ನೀರಿನಲ್ಲಿ ತಣಿಸುತ್ತಾರೆ. ಫಿಲ್ಮ್ ಹೆಚ್ಚಾಗಿ ಪೆಟ್, ಅಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್. ಕೆಲವೆಡೆ ಪಾಲಿಪ್ರೊಪಿಲೀನ್. ದಪ್ಪ ಸುಮಾರು 15ರಿಂದ 30 ಮೈಕ್ರಾನ್. ಪೆಟ್ ತಯಾರಿಕೆಗೆ ಬಿಪಿಎ ಬೇಕಾಗಿಯೇ ಇಲ್ಲ. ಹೆಸರಿನಲ್ಲಿ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಬಿಪಿಎ ಇರಲೇಬೇಕು ಎಂಬುದು ತಪ್ಪು ಕಲ್ಪನೆ.

ಇದು ಹೊಸ ಶೋಧವೇನಲ್ಲ. ಜಪಾನಿನ ಟೋಯೊ ಸೈಕಾನ್ 1990ರ ದಶಕದ ಆರಂಭದಲ್ಲೇ ಪೆಟ್ ಅಂಟಿಸಿದ ಉಕ್ಕಿನಿಂದ ಪಾನೀಯದ ಕ್ಯಾನ್ ಮಾಡಿ ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು ಟಿಯುಎಲ್‌ಸಿ. ಆಗ ಅದರ ಉದ್ದೇಶ ಬಿಪಿಎ ತಪ್ಪಿಸುವುದಾಗಿರಲಿಲ್ಲ. ಸಾಮಾನ್ಯ ಕ್ಯಾನ್ ಮಾಡುವಾಗ ತಗಡನ್ನು ಎಳೆದು ತೆಳುವಾಗಿಸಲು ಎಣ್ಣೆ ಬೆರೆಸಿದ ತಂಪು ದ್ರವ ಸುರಿಯುತ್ತಾರೆ. ಆಮೇಲೆ ಅದನ್ನು ತೊಳೆಯಲು ಸಿಕ್ಕಾಪಟ್ಟೆ ನೀರು ಬೇಕು. ಫಿಲ್ಮ್ ಇದ್ದರೆ ಅದೇ ಜಾರುಪದರವಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಒಣಗಿದ ತಗಡನ್ನೇ ಎಳೆಯಬಹುದು, ತೊಳೆಯುವ ಕೆಲಸ ಇಲ್ಲ. ನೀರು, ಇಂಧನ ಉಳಿಸಲು ಮಾಡಿದ್ದು ಮೂರು ದಶಕದ ಮೇಲೆ ಬೇರೊಂದು ಕಾರಣಕ್ಕೆ ಬೇಡಿಕೆ ಪಡೆಯುತ್ತಿದೆ. ಯುರೋಪಿನಲ್ಲಿ ಟಾಟಾ ಸ್ಟೀಲ್ ಪ್ರೊಟ್ಯಾಕ್ಟ್ ಎಂಬ ಹೆಸರಿನಲ್ಲಿ ಇಂಥದ್ದೇ ಹಾಳೆ ಮಾರುತ್ತದೆ.

ಹೀಗೆ ಪ್ಲಾಸ್ಟಿಕ್ ಅಂಟಿಸಿದರೆ ಮರುಬಳಕೆ ಕೆಟ್ಟುಹೋಗುವುದಿಲ್ಲವೇ? ಒಂದು ಸಣ್ಣ ಲೆಕ್ಕ. 0.2 ಮಿಲಿಮೀಟರ್ ದಪ್ಪದ ಉಕ್ಕಿನ ತೂಕ ಚದರ ಮೀಟರಿಗೆ ಸುಮಾರು 1,570 ಗ್ರಾಂ. ಎರಡೂ ಬದಿಯ 20 ಮೈಕ್ರಾನ್ ಪೆಟ್ ಸೇರಿ ಸುಮಾರು 55 ಗ್ರಾಂ. ನೂರಕ್ಕೆ ಮೂರೂವರೆ ಪಾಲು. ಗುಜರಿಯ ರಾಶಿಯಲ್ಲಿ ಅಯಸ್ಕಾಂತ ಅದನ್ನು ಹೇಗೂ ಎತ್ತಿಕೊಳ್ಳುತ್ತದೆ. ಉಕ್ಕಿನ ಕುಲುಮೆಯಲ್ಲಿ ಫಿಲ್ಮ್ ಉರಿದುಹೋಗುತ್ತದೆ. ಉಕ್ಕು ಮತ್ತೆ ಸಿಗುತ್ತದೆ, ಪ್ಲಾಸ್ಟಿಕ್ ಸಿಗುವುದಿಲ್ಲ.

ಫಿಲ್ಮ್ ಕೆಳಗೆ ತುಕ್ಕು ಹಿಡಿಯುವ ಬಗೆ

ಎಲ್ಲರೂ ಎಡವುವ ಜಾಗ ಇದು. ಲ್ಯಾಕರ್ 10 ಮೈಕ್ರಾನ್, ಫಿಲ್ಮ್ 20 ಮೈಕ್ರಾನ್. ಎರಡು ಪಟ್ಟು ದಪ್ಪ, ಆದ್ದರಿಂದ ಎರಡು ಪಟ್ಟು ರಕ್ಷಣೆ ಎಂಬ ಸುಲಭ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪ್ಲಾಸ್ಟಿಕ್ ಗಾಜಲ್ಲ. ನೀರು, ಆಮ್ಲಜನಕ, ಸಣ್ಣ ಆಮ್ಲದ ಅಣುಗಳು ನಿಧಾನವಾಗಿಯಾದರೂ ಅದರೊಳಗೆ ನುಸುಳುತ್ತವೆ. ಎರಡು-ಮೂರು ವರ್ಷ ಕಪಾಟಿನಲ್ಲಿರುವ ಡಬ್ಬಿಯಲ್ಲಿ ಒಂದಿಷ್ಟು ತೇವ ಉಕ್ಕಿನವರೆಗೆ ಹೋಗಿಯೇ ಹೋಗುತ್ತದೆ. ಹಾಗಿದ್ದರೂ ತುಕ್ಕು ಯಾಕೆ ಹಿಡಿಯುವುದಿಲ್ಲ? ತುಕ್ಕಿಗೆ ತೇವವೊಂದೇ ಸಾಲದು, ಜಾಗವೂ ಬೇಕು. ಫಿಲ್ಮ್ ಉಕ್ಕಿಗೆ ಬಿಗಿಯಾಗಿ ಕಚ್ಚಿಕೊಂಡಿರುವವರೆಗೆ ನೀರಿನ ಅಣುಗಳು ಒಟ್ಟುಗೂಡಿ ಹನಿಯಾಗಲು ಎಡೆ ಸಿಗುವುದಿಲ್ಲ. ಹನಿಯಿಲ್ಲದೆ ಅಯಾನುಗಳ ಓಡಾಟವಿಲ್ಲ. ಅಯಾನುಗಳ ಓಡಾಟವಿಲ್ಲದೆ ತುಕ್ಕಿಲ್ಲ. ಉಕ್ಕನ್ನು ಕಾಯುವುದು ಫಿಲ್ಮ್‌ನ ದಪ್ಪಕ್ಕಿಂತ ಹೆಚ್ಚಾಗಿ ಅದರ ಹಿಡಿತ.

ಆ ಹಿಡಿತ ಸಡಿಲಾಗುವುದು ಹೇಗೆ? ಡಬ್ಬಿ ಮಾಡುವಾಗ ಫಿಲ್ಮ್‌ನಲ್ಲಿ ಒಂದು ಗೀರು ಬಿತ್ತು ಎಂದುಕೊಳ್ಳಿ. ಗೀರಿನ ತಳದಲ್ಲಿ ಬರಿಯ ಕಬ್ಬಿಣ ಕಾಣುತ್ತದೆ. ಅಲ್ಲಿ ಕಬ್ಬಿಣ ಕರಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆ ಎಲೆಕ್ಟ್ರಾನ್ ಉಕ್ಕಿನೊಳಗೇ ಹರಿದು, ಗೀರಿನ ಪಕ್ಕದಲ್ಲಿ ಫಿಲ್ಮ್‌ನ ಅಂಚಿಗೆ ಬರುತ್ತದೆ. ಅಂಚಿನಲ್ಲಿ ಆಮ್ಲಜನಕ ಮತ್ತು ನೀರು ಅದನ್ನು ಹಿಡಿದುಕೊಂಡು ಕ್ಷಾರವಾಗುತ್ತವೆ. ಕ್ಷಾರ ಎಂದರೆ ಸುಣ್ಣದ ತಿಳಿಯಂತೆ ಸುಡುವ ಗುಣದ್ದು. ಪೆಟ್‌ಗೆ ಕ್ಷಾರ ಆಗಿಬರುವುದಿಲ್ಲ, ಅದರ ಸರಪಳಿ ತುಂಡಾಗುತ್ತದೆ. ಅಂಚು ಏಳುತ್ತದೆ. ಎದ್ದ ಜಾಗಕ್ಕೆ ದ್ರವ ನುಗ್ಗುತ್ತದೆ, ಕ್ಷಾರ ಇನ್ನೂ ಒಳಗೆ ಹೋಗುತ್ತದೆ. ಗೀರು ಇದ್ದದ್ದು ಕೂದಲೆಳೆಯಷ್ಟು, ಫಿಲ್ಮ್ ಬಿಟ್ಟದ್ದು ಬೆರಳಗಲ. ಮೇಲಿನಿಂದ ನೋಡಿದರೆ ಫಿಲ್ಮ್ ನೆಟ್ಟಗಿದೆ, ಕೆಳಗೆ ಮಾತ್ರ ಉಕ್ಕಿಗೆ ದಿಕ್ಕಿಲ್ಲ.

ಚೆನ್ನಾಗಿ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಕಡಿಮೆ. ಅಲ್ಲಿ ಹುಳಿಯೇ ಎಲೆಕ್ಟ್ರಾನ್ ಹಿಡಿಯುತ್ತದೆ, ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಡಬ್ಬಿ ಉಬ್ಬುತ್ತದೆ. ಉಬ್ಬಿದ ಡಬ್ಬಿ ಎಂದರೆ ಒಳಗೆ ಬ್ಯಾಕ್ಟೀರಿಯಾ ಎಂದೇ ಎಲ್ಲರ ಅನುಮಾನ. ಕಾರಣ ತುಕ್ಕೂ ಇರಬಹುದು. ಎರಡರಲ್ಲಿ ಯಾವುದೆಂದು ಹೊರಗಿನಿಂದ ತಿಳಿಯುವುದಿಲ್ಲ, ಆದ್ದರಿಂದ ಎಸೆಯುವುದೇ ಸರಿ.

ಪೆಟ್‌ಗೆ ತನ್ನದೇ ಆದ ಇನ್ನೊಂದು ಕಷ್ಟವಿದೆ. ಅಂಟಿಸುವಾಗ ಉಕ್ಕಿಗೆ ತಾಗುವ ಪದರ ಕರಗಿ ಮೆತ್ತಗಾಗಬೇಕು, ಇಲ್ಲದಿದ್ದರೆ ಕಚ್ಚಿಕೊಳ್ಳುವುದಿಲ್ಲ. ಮೇಲಿನ ಪದರ ಕರಗಬಾರದು, ಕರಗಿದರೆ ಅದರ ತಡೆಯುವ ಶಕ್ತಿ ಹೋಗುತ್ತದೆ. 20 ಮೈಕ್ರಾನ್ ದಪ್ಪದೊಳಗೆ ಈ ಎರಡೂ ನಡೆಯಬೇಕು! ಕರಗಿ ತಣಿದ ಪದರ 121 ಡಿಗ್ರಿಯ ಆವಿಗೆ ಹೋದಾಗ ಹರಳುಗಟ್ಟಬಹುದು. ಆಗ ಫಿಲ್ಮ್ ಬೆಳ್ಳಗೆ ಮಚ್ಚೆಮಚ್ಚೆಯಾಗಿ, ಪೆಡಸಾಗುತ್ತದೆ. ಕೆಳಗೆ ಬಿದ್ದು ಜಜ್ಜಿದರೆ ಬಿರುಕು ಬಿಡುತ್ತದೆ. ಇದನ್ನು ತಪ್ಪಿಸಲು ಪೆಟ್‌ಗೆ ಐಸೊಥ್ಯಾಲಿಕ್ ಆಮ್ಲ ಬೆರೆಸಿ ಹರಳುಗಟ್ಟುವ ವೇಗ ತಗ್ಗಿಸುತ್ತಾರೆ. ನೀರಿನ ಬಾಟಲಿಯ ಪೆಟ್‌ಗೂ ಡಬ್ಬಿಯ ಪೆಟ್‌ಗೂ ಇರುವ ವ್ಯತ್ಯಾಸ ಇಂಥ ಕಡೆ.

ಗೀರು ಇದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಸರಳ. ಡಬ್ಬಿಗೆ ಉಪ್ಪುನೀರು ತುಂಬಿ, 6.3 ವೋಲ್ಟ್ ಕೊಟ್ಟು, ಎಷ್ಟು ಮಿಲಿಆಂಪಿಯರ್ ಹರಿಯುತ್ತದೆ ಎಂದು ಅಳೆಯುತ್ತಾರೆ. ಫಿಲ್ಮ್ ಅಖಂಡವಾಗಿದ್ದರೆ ಕರೆಂಟ್ ಹರಿಯುವುದೇ ಇಲ್ಲ ಎನ್ನಬಹುದು. ಆದರೆ ಇದು ಇವತ್ತಿನ ತೂತನ್ನು ತೋರಿಸುತ್ತದೆ ಅಷ್ಟೇ. ನಾಳೆ ಹಿಡಿತ ಬಿಡುವುದನ್ನು ತೋರಿಸುವುದಿಲ್ಲ.

ಹಿಡಿತ ಕೊಡುವ ಕ್ರೋಮಿಯಂ, ಅದರ ಮೇಲೂ ಕಣ್ಣು

ಬರಿಯ ಉಕ್ಕಿಗೆ ಪೆಟ್ ಚೆನ್ನಾಗಿ ಕಚ್ಚಿಕೊಳ್ಳುವುದಿಲ್ಲ. ತವರಕ್ಕೂ ಅಷ್ಟಕ್ಕಷ್ಟೆ. ತವರ ಕರಗುವುದು 232 ಡಿಗ್ರಿಯಲ್ಲಿ, ಪೆಟ್ ಕರಗುವುದು ಸುಮಾರು 250ರಲ್ಲಿ. ಅಂಟಿಸಲು ಹೋದರೆ ಕಲಾಯಿಯೇ ಕರಗಬಹುದು. ಹಾಗಾಗಿ ಲ್ಯಾಮಿನೇಟ್‌ಗೆ ಸಾಮಾನ್ಯವಾಗಿ ಆರಿಸುವುದು ತವರವಿಲ್ಲದ ತಗಡು. ಉದ್ಯಮದಲ್ಲಿ ಇದನ್ನು ಟಿಎಫ್‌ಎಸ್ ಎನ್ನುತ್ತಾರೆ. ಅದರ ಮೇಲಿರುವುದು ಚದರ ಮೀಟರಿಗೆ 50ರಿಂದ 150 ಮಿಲಿಗ್ರಾಂ ಕ್ರೋಮಿಯಂ ಲೋಹ, ಅದರ ಮೇಲೆ ಇನ್ನೂ ತೆಳುವಾದ ಕ್ರೋಮಿಯಂ ಆಕ್ಸೈಡ್. 100 ಮಿಲಿಗ್ರಾಂ ಎಂದಿಟ್ಟುಕೊಂಡರೆ ಲೋಹದ ದಪ್ಪ ಸುಮಾರು 14 ನ್ಯಾನೊಮೀಟರ್. ಮೇಲಿನ ಫಿಲ್ಮ್‌ನ ಸಾವಿರದ ಒಂದು ಪಾಲೂ ಇಲ್ಲ.

ಆ ಚಿಲ್ಲರೆ ದಪ್ಪವೇ ಇಲ್ಲಿ ಯಜಮಾನ. ಆಕ್ಸೈಡ್‌ನ ಮೇಲ್ಮೈಗೆ ಪೆಟ್‌ನ ಅಣುಗಳು ಬಿಗಿಯಾಗಿ ಕೊಂಡಿ ಹಾಕಿಕೊಳ್ಳುತ್ತವೆ. ಎಲೆಕ್ಟ್ರಾನ್ ಸುಲಭವಾಗಿ ದಾಟದಂತೆಯೂ ಅದು ತಡೆಯುತ್ತದೆ. ಎಲೆಕ್ಟ್ರಾನ್ ದಾಟದಿದ್ದರೆ ಕ್ಷಾರ ಹುಟ್ಟುವುದಿಲ್ಲ, ಅಂಚು ಏಳುವುದಿಲ್ಲ. ಒಂದು ಕೊರತೆ ಏನೆಂದರೆ, ಕ್ರೋಮಿಯಂ ತವರದಂತೆ ತಾನು ಕರಗಿ ಉಕ್ಕನ್ನು ಉಳಿಸುವ ಲೋಹವಲ್ಲ. ಆಕ್ಸೈಡ್ ಕವಚದೊಳಗೆ ಸುಮ್ನೆ ಕೂತಿರುತ್ತದೆ. ತೂತು ಬಿದ್ದರೆ ಪಕ್ಕದ ಉಕ್ಕು ಅನಾಥ. ಅದಕ್ಕೇ ಟಿಎಫ್‌ಎಸ್ ಅನ್ನು ಲೇಪವಿಲ್ಲದೆ ಡಬ್ಬಿಗೆ ಬಳಸುವುದೇ ಇಲ್ಲ.

ಈಗ ಎರಡನೇ ಸುದ್ದಿ. ಈ ಕ್ರೋಮಿಯಂ ಪದರವನ್ನು ಹಿಂದಿನಿಂದಲೂ ಕ್ರೋಮಿಯಂ ಟ್ರೈಆಕ್ಸೈಡ್ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಕೂರಿಸುತ್ತಾರೆ. ಅದು ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು. ರಾಸಾಯನಿಕಗಳ ಬಳಕೆ ನಿಯಂತ್ರಿಸುವ ಯುರೋಪಿನ ರೀಚ್ ಕಾನೂನಿನಡಿ 2017ರ ಸೆಪ್ಟೆಂಬರ್ 21ರಿಂದ ಅನುಮತಿ ಇಲ್ಲದೆ ಅದನ್ನು ಬಳಸುವಂತಿಲ್ಲ. ಇಂಥ ಕ್ರೋಮಿಯಂ ವಸ್ತುಗಳ ಮೇಲೆ ಒಟ್ಟಾಗಿ ನಿರ್ಬಂಧ ಹೇರುವ ಪ್ರಸ್ತಾವವನ್ನು ಯುರೋಪಿನ ರಾಸಾಯನಿಕ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಮುಂದಿಟ್ಟಿತು.

ಇದನ್ನು ಓದಿ ಡಬ್ಬಿಯಲ್ಲಿ ಕ್ಯಾನ್ಸರ್‌ಕಾರಕ ಕ್ರೋಮಿಯಂ ಇದೆ ಎಂದುಕೊಳ್ಳಬೇಡಿ. ಅಪಾಯ ಇರುವುದು ಕಾರ್ಖಾನೆಯ ತೊಟ್ಟಿಯಲ್ಲಿ, ಅಲ್ಲಿ ಕೆಲಸ ಮಾಡುವವರಿಗೆ, ಅಲ್ಲಿಂದ ಹೊರಬರುವ ನೀರು-ಗಾಳಿಗೆ. ತಯಾರಾದ ಹಾಳೆಯ ಮೇಲೆ ಉಳಿಯುವುದು ಕ್ರೋಮಿಯಂ ಲೋಹ ಮತ್ತು ಮೂರು ವೇಲೆನ್ಸಿಯ ಆಕ್ಸೈಡ್. ಆ ಪದರವನ್ನು ಮೂರು ವೇಲೆನ್ಸಿಯ ಕ್ರೋಮಿಯಂನಿಂದಲೇ ಕೂರಿಸುವ ವಿಧಾನವನ್ನು ಟಾಟಾ ಸ್ಟೀಲ್ ನೆದರ್ಲೆಂಡ್ಸ್‌ನ ಐಮೌಡನ್‌ನಲ್ಲಿ ಬೆಳೆಸಿದೆ. ತವರದ ತಗಡಿಗೆ ಕ್ರೋಮಿಯಂ ಸ್ನಾನವೇ ಬೇಡದ ವಿಧಾನ ಜರ್ಮನಿಯಲ್ಲಿ ಬಂದಿದೆ.

ಒಂದು ಪದರ ಬದಲಿಸಿದರೆ ಅದರ ಮೇಲಿನ ಪದರದ ನಡವಳಿಕೆಯೂ ಬದಲಾಗುತ್ತದೆ. ಹೊಸ ವಿಧಾನದ ಕ್ರೋಮಿಯಂ ಪದರದ ರಚನೆ ಹಳೆಯದರಂತಿಲ್ಲ. ಪೆಟ್ ಅದನ್ನು ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆಯೇ ಎಂಬುದನ್ನು ಒಂದೊಂದು ಆಹಾರಕ್ಕೂ ಬೇರೆಯಾಗಿ ಪರೀಕ್ಷಿಸಿ ನೋಡಬೇಕು. ಬಿಪಿಎಗೆ ಒಂದು ಗಡುವು, ಕ್ರೋಮಿಯಂಗೆ ಇನ್ನೊಂದು ಒತ್ತಡ. ಇಬ್ಬರು ಅಧಿಕಾರಿಗಳು, ಎರಡು ಕಾನೂನು, ತಗಡು ಮಾತ್ರ ಒಂದೇ. ಎರಡು ಬದಲಾವಣೆಗಳನ್ನೂ ಒಟ್ಟಿಗೆ ಲೆಕ್ಕ ಹಾಕದ ಯೋಜನೆ ನನ್ನ ಪ್ರಕಾರ ಅರ್ಧ ಯೋಜನೆ.

ಬೆಸುಗೆಯ ತಕರಾರು

ಫಿಲ್ಮ್ ಅಷ್ಟು ಒಳ್ಳೆಯದಾದರೆ ಎಲ್ಲ ಡಬ್ಬಿಗೂ ಅದನ್ನೇ ಯಾಕೆ ಬಳಸುವುದಿಲ್ಲ? ಉತ್ತರ ಡಬ್ಬಿಯ ಪಕ್ಕದ ಗೆರೆಯಲ್ಲಿದೆ. ಮಾವಿನ ಹಣ್ಣಿನ ಪಲ್ಪ್ ಬರುವ 3.1 ಕಿಲೋ ಡಬ್ಬಿಯನ್ನೇ ನೋಡಿ. ಹಾಳೆಯನ್ನು ಸುರುಳಿ ಸುತ್ತಿ ಪಕ್ಕದಲ್ಲಿ ಬೆಸೆದಿರುತ್ತಾರೆ. ಮೇಲೊಂದು, ಕೆಳಗೊಂದು ಮುಚ್ಚಳ. ಒಟ್ಟು ಮೂರು ತುಂಡು. ವಿದ್ಯುತ್ ಬೆಸುಗೆಗೆ ಲೋಹಕ್ಕೆ ಲೋಹ ತಾಗಲೇಬೇಕು. ನಡುವೆ ಪ್ಲಾಸ್ಟಿಕ್ ಇದ್ದರೆ ಕರೆಂಟ್ ಹರಿಯುವುದಿಲ್ಲ. ಸಾಲದ್ದಕ್ಕೆ ಕೆಳಗಿನ ಕ್ರೋಮಿಯಂ ಕೂಡ ಬೆಸುಗೆಗೆ ಅಡ್ಡಿ, ಅದನ್ನು ಉಜ್ಜಿ ತೆಗೆಯಬೇಕು. ತವರದ ತಗಡು ಮಾತ್ರ ಬೆಸುಗೆಗೆ ಹೇಳಿ ಮಾಡಿಸಿದ್ದು.

ಲ್ಯಾಕರ್ ಸವರುವಾಗ ಬೆಸುಗೆಯ ಅಂಚನ್ನು ಖಾಲಿ ಬಿಡುವುದು ಸುಲಭ. ಅಗಲವಾದ ಫಿಲ್ಮ್ ಅಂಟಿಸುವಾಗ ಪಟ್ಟಿಪಟ್ಟಿಯಾಗಿ ಜಾಗ ಬಿಡುವುದು ದುಬಾರಿ ಕೆಲಸ. ಬಿಟ್ಟರೂ ಬೆಸುಗೆಯ ಗೆರೆಗೆ ಆಮೇಲೆ ಬೇರೆ ಲೇಪ ಹಚ್ಚಲೇಬೇಕು. ಹೀಗಾಗಿ ಫಿಲ್ಮ್ ಹಾಳೆಗೆ ಸಹಜವಾದ ಜಾಗ ಎಂದರೆ ಬೆಸುಗೆ ಇಲ್ಲದವು. ಒಂದೇ ಹಾಳೆಯಿಂದ ಒತ್ತಿ ಎಳೆದ ಮೀನಿನ ಡಬ್ಬಿ, ಪಾನೀಯದ ಕ್ಯಾನ್, ಮುಚ್ಚಳ, ಪೇಂಟ್ ಸ್ಪ್ರೇ ಕ್ಯಾನಿನ ತಳ.

ಮುಚ್ಚಳದಲ್ಲೂ ತೊಡಕಿದೆ. ಉಂಗುರ ಎಳೆದು ತೆರೆಯುವ ಮುಚ್ಚಳದ ಹೊರಗಡೆ ಸುತ್ತಲೂ ಬ್ಲೇಡಿನಂಥ ಅಚ್ಚು ಒಂದು ಗೆರೆ ಕೊರೆಯುತ್ತದೆ. ಆ ಗೆರೆಯಲ್ಲಿ ಹೊರಗಿನ ಫಿಲ್ಮ್ ಕತ್ತರಿಸಿಹೋಗುತ್ತದೆ. ಸಮುದ್ರ ದಾಟುವ ಕಂಟೇನರ್‌ನಲ್ಲಿ ರಾತ್ರಿಯ ತಂಪಿಗೆ ಡಬ್ಬಿ ಬೆವರುತ್ತದೆ. ತುಕ್ಕು ಮೊದಲು ಕಾಣುವುದು ಆ ಗೆರೆಯಲ್ಲೇ.

ಇನ್ನು ಫಿಲ್ಮ್ ಸಂಪೂರ್ಣ ಶುದ್ಧ ಎಂಬ ಮಾತೂ ಬೇಡ. ಪೆಟ್ ತಯಾರಿಸಲು ಆಂಟಿಮನಿ ಬಳಸುವುದು ಸಾಮಾನ್ಯ. ಅದು ಆಹಾರಕ್ಕೆ ಇಳಿಯಲು ಯುರೋಪಿನಲ್ಲಿ ಕಿಲೋಗೆ 0.04 ಮಿಲಿಗ್ರಾಂ ಮಿತಿ ಇದೆ. ಬಿಪಿಎ ಇಲ್ಲ ಎಂಬ ಲೇಬಲ್ ಏನು ಇಲ್ಲ ಎಂದು ಹೇಳುತ್ತದೆ. ಏನು ಇದೆ ಎಂದು ಹೇಳುವುದಿಲ್ಲ.

ಮಿಡಿಸೌತೆಯ ಮುಚ್ಚಳ

ಇಷ್ಟೆಲ್ಲ ಯುರೋಪಿನ ಸಮಾಚಾರ, ನಮಗೇನು ಎನ್ನಬಹುದು. ಕರ್ನಾಟಕಕ್ಕೆ ಇದು ತಾಗುವುದು ಮಿಡಿಸೌತೆಯ (ಗರ್ಕಿನ್) ಮೂಲಕ. ಭಾರತದಲ್ಲಿ ರಫ್ತಿಗಾಗಿ ಮಿಡಿಸೌತೆ ಬೆಳೆಯುವುದು 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಶುರುವಾಯಿತು. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿತು. ನಮ್ಮ ಊಟದಲ್ಲಿ ಅದಕ್ಕೆ ಜಾಗವೇ ಇಲ್ಲ, ಬೆಳೆದದ್ದೆಲ್ಲ ಹೊರದೇಶಕ್ಕೆ. ಡ್ರಮ್‌ಗಳಲ್ಲಿ ಸಗಟಾಗಿ ಹೋಗುವುದು ಒಂದು ದಾರಿ. ವಿನೆಗರ್‌ನಲ್ಲಿ ಅದ್ದಿ ಗಾಜಿನ ಜಾಡಿಯಲ್ಲಿ ತುಂಬಿ ಕಳಿಸುವುದು ಇನ್ನೊಂದು.

ಗಾಜಿಗೆ ಬಿಪಿಎ ಕಾಟವಿಲ್ಲ. ಆದರೆ ಜಾಡಿಯ ತಿರುಪಿನ ಮುಚ್ಚಳ ತಗಡಿನದು! ಅದರ ಒಳಮೈಗೆ ಲೇಪ ಇದ್ದೇ ಇರುತ್ತದೆ. ವಿನೆಗರ್‌ನ ಅಸೆಟಿಕ್ ಆಮ್ಲ ಚಿಕ್ಕ ಅಣು, ಆವಿಯಾಗುವ ಗುಣದ್ದು. ಜಾಡಿಯ ಮೇಲಿನ ಖಾಲಿ ಜಾಗದಲ್ಲಿ ತುಂಬಿಕೊಂಡು ಮುಚ್ಚಳದ ಲೇಪದೊಳಗೆ ನುಸುಳುತ್ತದೆ. ತಗಡಿನ ಲೇಪಗಳಿಗೆ ಇದಕ್ಕಿಂತ ಕಠಿಣ ಪರೀಕ್ಷೆಗಳು ಕಡಿಮೆ. ಇದರ ಜತೆ, ಮುಚ್ಚಳದ ಅಂಚಿನಲ್ಲಿ ಗಾಳಿ ಸೇರದಂತೆ ತಡೆಯುವ ಮೆತ್ತನೆಯ ಪ್ಲಾಸ್ಟಿಸಾಲ್ ಉಂಗುರ ಆ ಲೇಪಕ್ಕೇ ಅಂಟಿಕೊಳ್ಳಬೇಕು. ಎಪಾಕ್ಸಿ ಇವೆರಡನ್ನೂ ನಿಭಾಯಿಸುತ್ತಿತ್ತು. ಪೆಟ್ ಫಿಲ್ಮ್ ಮೇಲೆ ಪ್ಲಾಸ್ಟಿಸಾಲ್ ನೇರವಾಗಿ ನಿಲ್ಲುವುದು ಕಷ್ಟ, ನಡುವೆ ಇನ್ನೊಂದು ಅಂಟು ಲೇಪ ಬೇಕು. ಹಾಗಾಗಿ ಜಾಡಿಯ ಮುಚ್ಚಳಕ್ಕೆ ಫಿಲ್ಮ್‌ಗಿಂತ ಬಿಪಿಎ ಇಲ್ಲದ ಹೊಸ ಲ್ಯಾಕರ್‌ಗಳೇ ಮೊದಲು ಬರುವ ಸಾಧ್ಯತೆ ಹೆಚ್ಚು.

ತರಕಾರಿ ಪ್ಯಾಕಿಂಗ್ ಆದ್ದರಿಂದ ಗಡುವು 2028ರ ಜನವರಿ 20. ಮಾವಿನ ಪಲ್ಪ್ ಡಬ್ಬಿಗೆ ಯಾವ ಗಡುವು ಎಂಬುದನ್ನು, ಅದು ಹಣ್ಣಿನ ಪಟ್ಟಿಗೋ ರಸದ ಪಟ್ಟಿಗೋ ಎಂದು, ಖರೀದಿಸುವವರಿಂದ ಬರಹದಲ್ಲೇ ಕೇಳಿ ಪಡೆಯುವುದು ಕ್ಷೇಮ. ಗಡುವಿನ ನಂತರವೂ ಕೈಯಲ್ಲಿರುವ ಹಳೆಯ ಖಾಲಿ ಪ್ಯಾಕಿಂಗ್‌ಗೆ ಆಹಾರ ತುಂಬಲು 12 ತಿಂಗಳ ಅವಕಾಶವಿದೆ. ಆದರೆ ಆ ಪ್ಯಾಕಿಂಗ್ ಗಡುವಿಗೆ ಮೊದಲೇ ಮಾರುಕಟ್ಟೆಗೆ ಬಂದಿರಬೇಕು. ಮುಚ್ಚಳ ತಯಾರಿಸುವವರು ಬೇರೆ, ತಗಡು ಕೊಡುವವರು ಬೇರೆ, ಲೇಪದ ರಾಳ ಮಾಡುವವರು ಇನ್ನೊಬ್ಬರು. ಬಿಪಿಎ ಬಳಸಿಲ್ಲ ಎಂಬ ಹೇಳಿಕೆ ಆ ಕೊನೆಯವರಿಂದ ಹಿಡಿದು ರಫ್ತುದಾರರವರೆಗೆ ಕೈಯಿಂದ ಕೈಗೆ ದಾಟಿ ಬರಬೇಕು.

ಕಾಗದಕ್ಕಿಂತ ಜಾಸ್ತಿ ಸಮಯ ತಿನ್ನುವುದು ಪರೀಕ್ಷೆ. ಹೊಸ ಲೇಪ ವಿನೆಗರ್‌ಗೆ ತಾಳುತ್ತದೆಯೇ ಎಂದು ತಿಳಿಯಲು ಬಿಸಿ ಕೋಣೆಯಲ್ಲಿಟ್ಟು ವೇಗವಾಗಿ ನೋಡುವ ವಿಧಾನಗಳಿವೆ. ಆದರೆ ಹೆಚ್ಚು ಬಿಸಿಯಲ್ಲಿ ಪ್ಲಾಸ್ಟಿಕ್‌ನ ಸ್ವಭಾವವೇ ಬದಲಾಗುವುದರಿಂದ ಆ ಫಲಿತಾಂಶವನ್ನು ಪೂರ್ತಿ ನಂಬುವಂತಿಲ್ಲ. ಎರಡು ವರ್ಷ ಬಾಳಿಕೆ ಎಂದು ಲೇಬಲ್‌ನಲ್ಲಿ ಬರೆಯಬೇಕಾದರೆ, ಎರಡು ವರ್ಷ ಕಪಾಟಿನಲ್ಲಿಟ್ಟು, ಆಗಾಗ ಒಂದೊಂದು ಜಾಡಿ ತೆರೆದು, ಮುಚ್ಚಳ ತಿರುವಿ ನೋಡುವುದೇ ನಂಬಬಹುದಾದ ಪರೀಕ್ಷೆ. 2028ರ ಜನವರಿಯಿಂದ ಹಿಂದಕ್ಕೆ ಎಣಿಸಿದರೆ, ಆ ಜಾಡಿಗಳು ಕಪಾಟು ಸೇರಬೇಕಾದದ್ದು 2026ರ ಜನವರಿಯ ಒಳಗೆ.